ಉಪ್ಪಿನಕಾಯಿ ಬಾಟಲಿಯಿಂದ ಶುರುಮಾಡಿ: ಪೂರ್ವ ಯುರೋಪಿನ ಕಮ್ಯುನಿಸ್ಟ್ ಕಾಲದ ಸಿನಿಮಾ ನೋಡಲು ಒಂದು ಕೈಪಿಡಿ

ಎಂಟು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ್ದ ತಾಯಿ ಕಣ್ಣು ಬಿಟ್ಟಿದ್ದಾಳೆ. ಸಣ್ಣ ಆಘಾತವಾದರೂ ಜೀವಕ್ಕೆ ಅಪಾಯ ಎಂದಿದ್ದಾರೆ ವೈದ್ಯರು. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದಿದೆ, ಅವಳು ನಂಬಿ ಬಾಳಿದ ದೇಶವೇ ಕರಗುತ್ತಿದೆ. ಮಗ ಅದನ್ನು ಅವಳಿಗೆ ತಿಳಿಸದೆ, ಮನೆಯ ಒಂದು ಕೋಣೆಯೊಳಗೆ ಹಳೆಯ ಪೂರ್ವ ಜರ್ಮನಿಯನ್ನು ಉಳಿಸಿಕೊಳ್ಳಲು ಹೊರಡುತ್ತಾನೆ. ತಾಯಿ ಕೇಳುವುದು ಸ್ಪ್ರೇವಾಲ್ಡ್ ಸೀಮೆಯ ಸೌತೆಕಾಯಿ ಉಪ್ಪಿನಕಾಯಿ. ಅಂಗಡಿಯಲ್ಲಿ ಈಗ ಇರುವುದು ಹಾಲೆಂಡಿನ ಮಾಲು. ಹುಡುಗ ಕಸದಲ್ಲಿ ಕೈಯಾಡಿಸಿ ಹಳೆಯ ಬಾಟಲಿ ಹೆಕ್ಕಿ ತಂದು, ಹಾಲೆಂಡಿನ ಸೌತೆಕಾಯಿಯನ್ನು ಅದಕ್ಕೆ ಸುರಿಯುತ್ತಾನೆ.

ಇದು ವೊಲ್ಫ್‌ಗಾಂಗ್ ಬೆಕರ್ ಅವರ 2003ರ ‘ಗುಡ್ ಬೈ, ಲೆನಿನ್!’ ಚಿತ್ರ. ಹೆಲಿಕಾಪ್ಟರಿಗೆ ನೇತುಬಿದ್ದ ಲೆನಿನ್ ಪ್ರತಿಮೆ ಆಕಾಶದಲ್ಲಿ ತೇಲಿಹೋಗುವ ದೃಶ್ಯವೇ ಎಲ್ಲರಿಗೂ ನೆನಪಿರುತ್ತದೆ. ನನಗೆ ಆ ಬಾಟಲಿ ಹೆಚ್ಚು. ಪ್ರತಿಮೆ ಬೀಳುವುದು ಟಿವಿ ಸುದ್ದಿಯಲ್ಲೂ ಕಂಡಿತ್ತು. ಒಂದು ದೇಶ ಹೋದಾಗ ಅದರ ಉಪ್ಪಿನಕಾಯಿಯೂ ಹೋಗುತ್ತದೆ ಎಂದು ಹೇಳಲು ಕಥೆಯ ಸಿನಿಮಾವೇ ಬೇಕಾಯಿತು.

ಚಿತ್ರೋತ್ಸವಗಳಲ್ಲಿ ಇಂಥ ಸಿನಿಮಾ ಮುಗಿದು ಹೊರಬರುವಾಗ ಸಾಮಾನ್ಯವಾಗಿ ಎರಡೇ ಮಾತು ಕಿವಿಗೆ ಬೀಳುತ್ತವೆ. ‘ಅಬ್ಬಾ, ಎಂಥ ನರಕ’ ಎನ್ನುವುದು ಒಂದು. ‘ಎಲ್ಲ ಅಮೆರಿಕದವರ ಪ್ರಚಾರ’ ಎನ್ನುವುದು ಇನ್ನೊಂದು. ಎರಡೂ ಟಿಕೆಟ್ ತೆಗೆದುಕೊಳ್ಳುವ ಮೊದಲೇ ಬಾಯಲ್ಲಿ ತಯಾರಿದ್ದ ಮಾತುಗಳು. ಆ ಮಾತುಗಳನ್ನು ಸ್ವಲ್ಪ ಹೊತ್ತು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಹೇಗೆ ನೋಡಬಹುದು ಎನ್ನುವುದಕ್ಕೆ ನಮ್ಮ ಏಳೆಂಟು ಜನರ ಭಾನುವಾರದ ಗುಂಪು ರೂಢಿಸಿಕೊಂಡ ಕ್ರಮ ಇಲ್ಲಿದೆ.

ಮೊದಲು ಎರಡು ಇಸವಿ ಬರೆದುಕೊಳ್ಳಿ

ಕಥೆ ನಡೆಯುವ ಇಸವಿ ಒಂದು, ಸಿನಿಮಾ ತಯಾರಾದ ಇಸವಿ ಇನ್ನೊಂದು. ಕೆಲವು ಚಿತ್ರಗಳಿಗೆ ಮೂರನೆಯದೂ ಬೇಕು: ಜನ ನಿಜವಾಗಿ ನೋಡಿದ ಇಸವಿ.

ಗಾಂಧಿನಗರದಲ್ಲಿ ಬಿಡುಗಡೆಯಾಗದ ಚಿತ್ರಕ್ಕೆ ‘ಡಬ್ಬದಲ್ಲೇ ಉಳೀತು’ ಅನ್ನುತ್ತೇವಲ್ಲ, ಸೋವಿಯತ್ ಒಕ್ಕೂಟದವರು ‘ಶೆಲ್ಫಿಗೆ ಹೋಯಿತು’ ಅನ್ನುತ್ತಿದ್ದರು. ನಮ್ಮಲ್ಲಿ ದುಡ್ಡಿಲ್ಲದೆ ಉಳಿಯುವುದೇ ಹೆಚ್ಚು. ಅಲ್ಲಿ ದುಡ್ಡು ಹಾಕಿದ್ದೂ ಸರ್ಕಾರ, ಕಪಾಟಿಗೆ ಬೀಗ ಹಾಕಿದ್ದೂ ಸರ್ಕಾರ. ಪೂರ್ವ ಜರ್ಮನಿಯಲ್ಲಿ 1965ರ ಡಿಸೆಂಬರಿನಲ್ಲಿ ಪಕ್ಷದ ಕೇಂದ್ರ ಸಮಿತಿಯ ಒಂದು ಸಭೆಯ ನಂತರ ದೇಶದ ಏಕೈಕ ಸ್ಟುಡಿಯೊ ಡೇಫಾದ ಆ ಸಾಲಿನ ಸುಮಾರು ಹನ್ನೆರಡು ಚಿತ್ರಗಳು ಹೀಗೆ ಬೀಗದೊಳಗೆ ಸೇರಿದವು. ಅವುಗಳಲ್ಲೊಂದರ ಹೆಸರಲ್ಲಿ ‘ಮೊಲ’ ಇದ್ದದ್ದರಿಂದ ಇಡೀ ಗುಂಪಿಗೇ ‘ಮೊಲದ ಚಿತ್ರಗಳು’ ಎಂಬ ಅಡ್ಡಹೆಸರು ಬಿತ್ತು. ಫ್ರಾಂಕ್ ಬೇಯರ್ ಅವರ ‘ಟ್ರೇಸ್ ಆಫ್ ಸ್ಟೋನ್ಸ್’ 1966ರಲ್ಲಿ ಹೇಗೋ ಚಿತ್ರಮಂದಿರ ಮುಟ್ಟಿತು. ಗಲಾಟೆ ಮಾಡುವವರನ್ನು ಒಳಗೆ ಕೂರಿಸಿ ಕೂಗಿಸಿ, ‘ಜನರೇ ಒಪ್ಪಲಿಲ್ಲ’ ಎಂದು ಕೆಲವೇ ದಿನಗಳಲ್ಲಿ ತೆಗೆದರು. ಮತ್ತೆ ತೆರೆಗೆ ಬಂದದ್ದು 1989ರಲ್ಲಿ, ಗೋಡೆ ಬಿದ್ದಾಗ.

ಈ ಇಸವಿಗಳು ಯಾಕೆ ಬೇಕು ಎಂದರೆ, ಸೆನ್ಸಾರ್ ಇದ್ದಾಗ ಮಾಡಿದ ಚಿತ್ರ ಅರ್ಧ ಹೇಳಿ ಸುಮ್ಮನಾಗುತ್ತದೆ, ಉಳಿದರ್ಧ ನೋಡುವವರಿಗೆ ಗೊತ್ತು ಎಂಬ ಭರವಸೆಯಿಂದ. ಆಮೇಲೆ ಮಾಡಿದ ಚಿತ್ರ ಎಲ್ಲವನ್ನೂ ಹೇಳಬಲ್ಲದು, ಆದರೆ ಅದಕ್ಕೆ ಅಂತ್ಯ ಮೊದಲೇ ಗೊತ್ತು. 1977ರ ಪೋಲೆಂಡಿನವನಿಗೆ ಈ ವ್ಯವಸ್ಥೆ ಇನ್ನು ಹನ್ನೆರಡು ವರ್ಷದಲ್ಲಿ ಕುಸಿಯುತ್ತದೆ ಎಂಬ ಕನಸೂ ಇರಲಿಲ್ಲ. ಆ ಅರಿವಿಲ್ಲದಿರುವಿಕೆ ಆಂದ್ರೇ ವಾಯ್ದಾ ಅವರ ‘ಮ್ಯಾನ್ ಆಫ್ ಮಾರ್ಬಲ್’ನ ಪ್ರತಿ ಚೌಕಟ್ಟಿನಲ್ಲೂ ಇದೆ.

ಇದನ್ನು ನಮ್ಮ ಗುಂಪು ಎರಡು ಸಲ ನೋಡಿತು. ಸಿನಿಮಾ ಕಲಿಯುವ ಹುಡುಗಿಯೊಬ್ಬಳು 1950ರ ದಶಕದ ಒಬ್ಬ ಗಾರೆ ಕೆಲಸದವನ ಜಾಡು ಹಿಡಿಯುತ್ತಾಳೆ. ನೋವಾ ಹೂತಾ ಎಂಬ ಹೊಸ ಉಕ್ಕಿನ ಪಟ್ಟಣ ಕಟ್ಟುವಾಗ ಒಂದೇ ಪಾಳಿಯಲ್ಲಿ ದಾಖಲೆ ಸಂಖ್ಯೆಯ ಇಟ್ಟಿಗೆ ಇಟ್ಟು ಅವನು ರಾಷ್ಟ್ರವೀರನಾಗಿದ್ದ. ಅವನ ಅಮೃತಶಿಲೆಯ ಪ್ರತಿಮೆ ಈಗ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಬಿದ್ದಿದೆ. ಒಂದು ಪ್ರದರ್ಶನದ ದಿನ ಯಾರೋ ಅವನ ಕೈಗೆ ಕೆಂಡದಂಥ ಬಿಸಿ ಇಟ್ಟಿಗೆ ದಾಟಿಸಿ ಕೈ ಸುಡಿಸುತ್ತಾರೆ. ಯಾಕೆ ಎಂದು ನಮಗೆ ಹೊಳೆಯಲಿಲ್ಲ. ಗುಂಪಿನಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಅವರೇ ಬಿಡಿಸಿ ಹೇಳಿದರು: ‘ಒಬ್ಬ ಜಾಸ್ತಿ ಮಾಡಿ ತೋರಿಸಿದ ಅಂದ್ರೆ ನಾಳೆಯಿಂದ ಎಲ್ರ ಟಾರ್ಗೆಟ್ಟೂ ಏರುತ್ತೆ ಕಣ್ರೀ. ಅವನ ಮೇಲೆ ಮ್ಯಾನೇಜರಿಗಿಂತ ಪಕ್ಕದ ಮಿಷನ್ನಿನವನಿಗೇ ಸಿಟ್ಟು.’

ಚಿತ್ರದ ಕೊನೆಯಲ್ಲಿ ಆ ಕಾರ್ಮಿಕನ ಸಮಾಧಿ ಹುಡುಕುವ ದೃಶ್ಯವನ್ನು ಸೆನ್ಸಾರ್ ಕತ್ತರಿಸಿತ್ತು. 1970ರಲ್ಲಿ ಗ್ದಾನ್ಸ್ಕ್ ಬಂದರಿನ ಮುಷ್ಕರದಲ್ಲಿ ಗುಂಡಿಗೆ ಬಲಿಯಾದವರ ನೆನಪು ಅದರಲ್ಲಿತ್ತು. ವಾಯ್ದಾ ಕಾದರು. ಸಾಲಿಡಾರಿಟಿ ಎಂಬ ಕಾರ್ಮಿಕರ ಚಳವಳಿ ಬಿಚ್ಚಿಕೊಟ್ಟ ಪುಟ್ಟ ಸಂದಿಯಲ್ಲಿ ‘ಮ್ಯಾನ್ ಆಫ್ ಐರನ್’ ಮಾಡಿ ಬಿಟ್ಟದ್ದನ್ನು ತುಂಬಿದರು. ಆ ಚಳವಳಿಯ ನಾಯಕ ಲೆಖ್ ವಲೆನ್ಸಾ ಚಿತ್ರದಲ್ಲಿ ತಮ್ಮದೇ ಪಾತ್ರದಲ್ಲಿ ಬಂದುಹೋಗುತ್ತಾರೆ. 1981ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಪ್ರಶಸ್ತಿ ಬಂತು, ಡಿಸೆಂಬರ್ 13ಕ್ಕೆ ಪೋಲೆಂಡಿನಲ್ಲಿ ಮಾರ್ಷಲ್ ಲಾ ಬಂತು. ಎರಡು ಚಿತ್ರಗಳನ್ನೂ ಒಂದೇ ವಾರದಲ್ಲಿ ನೋಡಿ, ಒಂದರ ಬಾಯಿ ಇನ್ನೊಂದರಲ್ಲಿ ತೆರೆಯುವುದು ಆಗ ಗೊತ್ತಾಗುತ್ತದೆ.

ಆಮೇಲೆ ಸಾಮಾನಿನ ಮೇಲೆ ಕಣ್ಣಿಡಿ

ಕೆಂಪು ಬಾವುಟ, ಮೆರವಣಿಗೆ, ಗೋಡೆಯ ಮೇಲಿನ ನಾಯಕರ ಫೋಟೊ, ಇವು ಯಾವ ಕಲಾ ನಿರ್ದೇಶಕನಿಗೂ ಸುಲಭ. ಇವನ್ನೇ ಎಣಿಸುತ್ತ ಕೂತರೆ ಎಲ್ಲ ದೇಶ, ಎಲ್ಲ ದಶಕ ಒಂದೇ ಆಗಿ ಕಾಣುತ್ತವೆ. ಪಾತ್ರಗಳ ಕೈಯಲ್ಲಿ ಏನಿದೆ, ಅದು ಎಲ್ಲಿಂದ ಬಂತು, ಯಾರಿಗೆ ಏನು ಕೊಟ್ಟು ತಂದರು ಎಂದು ಕೇಳಿಕೊಳ್ಳಿ.

ಕ್ರಿಸ್ಟಿಯಾನ್ ಮುಂಜಿಯು ಅವರ ‘4 ಮಂತ್ಸ್, 3 ವೀಕ್ಸ್ ಆ್ಯಂಡ್ 2 ಡೇಸ್’ ಇದಕ್ಕೆ ಒಳ್ಳೆಯ ಪಾಠ. 1987ರ ರುಮೇನಿಯಾ. ಹಾಸ್ಟೆಲಿನ ಇಬ್ಬರು ಹುಡುಗಿಯರು, ಒಬ್ಬಳಿಗೆ ಗರ್ಭಪಾತ ಮಾಡಿಸಬೇಕಿದೆ. ಮೊದಲ ಹತ್ತು ನಿಮಿಷ ಅದರ ಸುಳಿವೇ ಇಲ್ಲ. ಸೋಪು ಯಾರ ಹತ್ತಿರ ಇದೆ, ಕೆಂಟ್ ಸಿಗರೇಟ್ ಎಲ್ಲಿ ಸಿಗುತ್ತದೆ ಎಂಬ ಓಡಾಟ. ಆ ಕೆಂಟ್ ಸೇದುವುದಕ್ಕಷ್ಟೇ ಎಂದು ತಿಳಿದರೆ ಅರ್ಧ ಸಿನಿಮಾ ಕೈತಪ್ಪಿತು. ಆ ಕಾಲದ ರುಮೇನಿಯಾದಲ್ಲಿ ಕೆಂಟ್ ಪ್ಯಾಕೆಟ್ಟು ನೋಟಿನಷ್ಟೇ ಚಲಾವಣೆಯಲ್ಲಿತ್ತು, ಮೇಜಿನ ಆಚೆ ಕೂತವರಿಗೆ ದಾಟಿಸುವ ಮಾಮೂಲು ಅದು. ಇನ್ನು ಹಿನ್ನೆಲೆಯ ಕಾನೂನು: ದೇಶವನ್ನಾಳುತ್ತಿದ್ದ ಚೌಶೆಸ್ಕು 1966ರಲ್ಲಿ ಹೊರಡಿಸಿದ 770ನೇ ಆಜ್ಞೆ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತ್ತು. ಮರುವರ್ಷ ದೇಶದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ದುಪ್ಪಟ್ಟಿನ ಹತ್ತಿರ ಹೋಯಿತು. ‘ಆಜ್ಞೆಯ ಮಕ್ಕಳು’ ಎಂದೇ ಆ ಪೀಳಿಗೆಗೆ ಹೆಸರು. 1968ರಲ್ಲಿ ಹುಟ್ಟಿದ ಮುಂಜಿಯು ಕೂಡ ಅದೇ ಪೀಳಿಗೆಯವರು. ಇದನ್ನೆಲ್ಲ ಚಿತ್ರ ವಿವರಿಸುವ ಗೋಜಿಗೆ ಹೋಗುವುದಿಲ್ಲ, ಅದಕ್ಕೇ ಮೊದಲೇ ತಿಳಿದು ಕೂರಬೇಕು.

ಹಂದಿಗಳನ್ನೂ ಗಮನಿಸಿ, ತಮಾಷೆಗೆ ಹೇಳುತ್ತಿಲ್ಲ. ಹಂಗೇರಿಯ ‘ದಿ ವಿಟ್ನೆಸ್’ ಚಿತ್ರದ ಶುರುವಿನಲ್ಲಿ ಒಡ್ಡು ಕಾಯುವವನೊಬ್ಬ ಕಾನೂನು ಮೀರಿ ಮನೆಯಲ್ಲೇ ಹಂದಿ ಕಡಿಯುತ್ತಾನೆ. ಅದರ ಕಿರುಚಾಟ ಹೊರಗೆ ಕೇಳಬಾರದೆಂದು ಮನೆಮಂದಿಯೆಲ್ಲ ಗಂಟಲು ಹರಿಯುವಂತೆ ಹಾಡುತ್ತಾರೆ. ರುಮೇನಿಯಾದ ‘ಟೇಲ್ಸ್ ಫ್ರಮ್ ದ ಗೋಲ್ಡನ್ ಏಜ್’ನಲ್ಲಿ ಪೊಲೀಸಿನವನೊಬ್ಬನ ಫ್ಲ್ಯಾಟಿಗೆ ಜೀವಂತ ಹಂದಿ ಬರುತ್ತದೆ. ನೆರೆಯವರಿಗೆ ಗೊತ್ತಾದರೆ ಪಾಲು ಕೊಡಬೇಕು. ಸದ್ದಿಲ್ಲದೆ ಕೊಲ್ಲಲು ಅಡುಗೆಮನೆಯ ಗ್ಯಾಸ್ ಬಿಡುತ್ತಾರೆ, ಆಮೇಲೆ ಅದರ ಕೂದಲು ಸುಡಲು ಬೆಂಕಿ ಹಚ್ಚುತ್ತಾರೆ. ಮುಂದಿನದು ನೀವೇ ಊಹಿಸಿ. ಎರಡು ದೇಶ, ನಡುವೆ ಮೂವತ್ತು ವರ್ಷ, ಎರಡು ಕಡೆಯೂ ಭಯವೆಲ್ಲ ಪಕ್ಕದ ಮನೆಯ ಕಿವಿಯದು.

ಇಲ್ಲಿ ನಮ್ಮ ಓದುಗರಿಗೆ ಒಂದು ಅನುಕೂಲವಿದೆ, ಅದೇ ತೊಡಕೂ ಹೌದು. ಸೊಸೈಟಿ ಮುಂದೆ ಸೀಮೆಎಣ್ಣೆಗೆ ಕ್ಯಾನ್ ಸಾಲಿಟ್ಟವರು ನಾವು, ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದವರು. ಪೂರ್ವ ಜರ್ಮನಿಯವರು ಟ್ರಾಬಾಂಟ್ ಕಾರಿಗೆ ಹತ್ತು ವರ್ಷಕ್ಕೂ ಮೀರಿ ಕಾಯುತ್ತಿದ್ದರು ಎಂದರೆ ಅಮೆರಿಕದವನಷ್ಟು ಬೆರಗು ನಮಗಾಗದು. ಆದರೆ ನಮ್ಮ ಸಾಲಿನಲ್ಲಿ ನಿಂತವರ ಜೇಬು ಖಾಲಿ. ಕಾಸಿದ್ದವರು ಆಚೆ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಜೇಬಲ್ಲಿ ಹಣವಿತ್ತು, ಅಂಗಡಿಯಲ್ಲಿ ಮಾಲಿರಲಿಲ್ಲ. ಹಾಗಾಗಿ ಸಂಬಳಕ್ಕಿಂತ ಪರಿಚಯ ದೊಡ್ಡದು. ಮಾಂಸದಂಗಡಿಯವಳು ಎಂಜಿನಿಯರಿಗಿಂತ ಮೇಲಿನ ಆಸಾಮಿಯಾಗಿ ಕಂಡರೆ ಅಚ್ಚರಿಪಡಬೇಡಿ.

ಯಾರು ಕೇಳಿಸಿಕೊಳ್ಳುತ್ತಿದ್ದಾರೆ?

ಬೇಹುಗಾರಿಕೆಯ ಬಗ್ಗೆ ಒಂದೇ ಚಿತ್ರ ನೋಡಿದವರು ನೋಡಿರುವುದು ‘ದಿ ಲೈವ್ಸ್ ಆಫ್ ಅದರ್ಸ್’. 2006ರದ್ದು, ಆಸ್ಕರ್ ಬಂದದ್ದು. 1984ರ ಪೂರ್ವ ಬರ್ಲಿನ್, ನಾಟಕಕಾರನ ಮನೆಯ ಅಟ್ಟದಲ್ಲಿ ಹೆಡ್‌ಫೋನ್ ಹಾಕಿ ಕೂತ ಸ್ಟಾಸಿ (ಪೂರ್ವ ಜರ್ಮನಿಯ ಗುಪ್ತ ಪೊಲೀಸ್) ಕ್ಯಾಪ್ಟನ್ ನಿಧಾನವಾಗಿ ಕರಗಿ, ತಾನು ಬೇಹು ನೋಡಬೇಕಾದವನನ್ನೇ ಕಾಪಾಡುತ್ತಾನೆ. ಉಲ್ರಿಶ್ ಮ್ಯೂಹೆ ಅವರ ಮುಖ ಮರೆಯುವಂಥದ್ದಲ್ಲ. ಚಿತ್ರವನ್ನು ನಾನು ಮೆಚ್ಚುತ್ತೇನೆ, ಪೂರ್ತಿ ನಂಬುವುದಿಲ್ಲ. ಬರ್ಲಿನ್ನಿನ ಹೋಹೆನ್‌ಶೋನ್‌ಹೌಸೆನ್‌ನಲ್ಲಿದ್ದ ಸ್ಟಾಸಿಯ ಜೈಲು ಈಗ ಸ್ಮಾರಕ. ಆಗ ಅದರ ಮುಖ್ಯಸ್ಥರಾಗಿದ್ದ ಇತಿಹಾಸಕಾರ ಹುಬೆರ್ಟುಸ್ ಕ್ನಾಬೆ ಅಲ್ಲಿ ಚಿತ್ರೀಕರಣಕ್ಕೆ ಅನುಮತಿಯನ್ನೇ ಕೊಡಲಿಲ್ಲ. ಸ್ಟಾಸಿಯವನನ್ನು ನಾಯಕನಾಗಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. 1989ರಲ್ಲಿ ಸುಮಾರು 1 ಕೋಟಿ 60 ಲಕ್ಷ ಜನರ ದೇಶದಲ್ಲಿ ಸ್ಟಾಸಿಯ ಪೂರ್ಣಾವಧಿ ನೌಕರರೇ 91,000ದಷ್ಟು, ಅವರ ಬೆನ್ನಿಗೆ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಗುಪ್ತ ಮಾಹಿತಿದಾರರು. ಎಂದರೆ ಅಟ್ಟದ ಮೇಲಿನ ಅಪರಿಚಿತನಿಗಿಂತ ಊಟದ ಮೇಜಿನ ಪರಿಚಿತನಿಂದಲೇ ಸುದ್ದಿ ಹೋಗುತ್ತಿತ್ತು. ಆ ಪರಿಚಿತನ ಕಥೆ ಬೇಕಿದ್ದರೆ ಆಂದ್ರೆಯಾಸ್ ಡ್ರೆಸೆನ್ ಅವರ 2018ರ ‘ಗುಂಡರ್ಮನ್’ ನೋಡಿ. ಗೆರ್ಹಾರ್ಡ್ ಗುಂಡರ್ಮನ್ ನಿಜವಾಗಿ ಬದುಕಿದ್ದವರು: ಹಗಲು ಕಲ್ಲಿದ್ದಲು ಗಣಿಯಲ್ಲಿ ದೈತ್ಯ ಯಂತ್ರ ಓಡಿಸುವ ಕೆಲಸ, ಉಳಿದ ಹೊತ್ತು ಹಾಡುಗಾರ, ಪಕ್ಷವನ್ನು ನಂಬಿ ಅದರೊಡನೆಯೇ ಜಗಳವಾಡಿದ ಮನುಷ್ಯ. ಸ್ಟಾಸಿಗೆ ಗೆಳೆಯರ ಸುದ್ದಿ ಕೊಟ್ಟವರೂ ಅವರೇ. 1990ರ ದಶಕದಲ್ಲಿ ಕಡತಗಳು ತೆರೆದಾಗ ತಾನು ಏನೇನು ಬರೆದಿದ್ದೆ ಎಂಬುದು ಅವರಿಗೇ ಸರಿಯಾಗಿ ನೆನಪಿಲ್ಲ. ಈ ‘ನೆನಪಿಲ್ಲ’ ಎಂಬುದು ಅಟ್ಟದ ಕ್ಯಾಪ್ಟನ್ನಿನ ಕಣ್ಣೀರಿಗಿಂತ ಹೆಚ್ಚು ಹೊತ್ತು ಕಾಡುತ್ತದೆ.

‘ಲೈವ್ಸ್ ಆಫ್ ಅದರ್ಸ್’ ಮಾಡಿದ ಡೊನ್ನರ್ಸ್‌ಮಾರ್ಕ್ ಹುಟ್ಟಿದ್ದು ಪಶ್ಚಿಮದ ಕಲೋನ್‌ನಲ್ಲಿ, ‘ಗುಂಡರ್ಮನ್’ ಮಾಡಿದ ಡ್ರೆಸೆನ್ ಬೆಳೆದದ್ದು ಪೂರ್ವದಲ್ಲೇ. ‘ಗುಡ್ ಬೈ, ಲೆನಿನ್!’ನ ಬೆಕರ್ ಕೂಡ ಪಶ್ಚಿಮದವರು. ಹೊರಗಿನವರು ಮಾಡಿದ್ದೆಲ್ಲ ಸುಳ್ಳು ಎನ್ನಲು ಬಾರದು. ‘ಬಾರ್ಬರಾ’ ಮಾಡಿದ ಕ್ರಿಸ್ಟಿಯಾನ್ ಪೆಟ್ಜೋಲ್ಡ್ ಕೂಡ ಪಶ್ಚಿಮದಲ್ಲೇ ಹುಟ್ಟಿದವರು, ಪೂರ್ವದಿಂದ ಓಡಿಬಂದ ತಂದೆತಾಯಿಯ ಮಗ. ದೇಶ ಬಿಡಲು ಅರ್ಜಿ ಹಾಕಿದ ತಪ್ಪಿಗೆ ಹಳ್ಳಿಗಾಡಿನ ಆಸ್ಪತ್ರೆಗೆ ಎಸೆಯಲ್ಪಟ್ಟ ವೈದ್ಯೆಯ ಕಥೆ ಅದು. ಅದರಲ್ಲಿ ಬೂದು ಬಣ್ಣವೇ ಇಲ್ಲ, ಬಾಲ್ಟಿಕ್ ಕಡಲ ಗಾಳಿ, ಹಸಿರು, ಸೈಕಲ್ಲು. ಕಮ್ಯುನಿಸ್ಟ್ ದೇಶದಲ್ಲಿ ಬಿಸಿಲೂ ಬೀಳುತ್ತಿತ್ತು ಎಂದು ನೆನಪಿಸಿದ್ದಕ್ಕೇ ಆ ಚಿತ್ರಕ್ಕೆ ನಮಸ್ಕಾರ ಹೇಳಬೇಕು.

ಇವೆಲ್ಲಕ್ಕಿಂತ ಹಿಂದಿನದು ಜೆಕೊಸ್ಲೊವಾಕಿಯಾದ ಕರೆಲ್ ಕಾಖಿನ್ಯಾ ಅವರ ‘ದಿ ಇಯರ್’, ಎಂದರೆ ಕಿವಿ. 1970ರಲ್ಲಿ ಸಿದ್ಧವಾಗಿ, ಜನರ ಮುಂದೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಉಪಮಂತ್ರಿ ಮತ್ತು ಹೆಂಡತಿ ಪಕ್ಷದ ಔತಣ ಮುಗಿಸಿ ರಾತ್ರಿ ಮನೆಗೆ ಬರುತ್ತಾರೆ. ಕೀಲಿ ಕಾಣುತ್ತಿಲ್ಲ, ಕರೆಂಟಿಲ್ಲ. ಬೆಳಗಾಗುವಷ್ಟರಲ್ಲಿ ಕದ್ದು ಕೇಳುವ ಯಂತ್ರ ಇರಲಾರದು ಎಂದುಕೊಂಡ ಕಡೆಯೂ ಸಿಗುತ್ತದೆ. ಇವರಿಬ್ಬರೂ ಆಳುವವರ ಪೈಕಿ ಎಂಬುದನ್ನು ಮರೆಯಬೇಡಿ. ಗಂಡಹೆಂಡಿರ ಜಗಳದ ಸಿನಿಮಾ ಎಂದೇ ನೋಡಿದರೂ ಇದು ಮೊದಲ ದರ್ಜೆಯದು.

ನಗು ಬಂದರೆ ತಡೆಯಬೇಡಿ

ಇಂಥ ಚಿತ್ರಕ್ಕೆ ಗಂಭೀರ ಮುಖ ಹೊತ್ತು ಕೂರುವುದು ನಮ್ಮ ಅಭ್ಯಾಸ. ನಾನೂ ಮಿಲೋಶ್ ಫೋರ್ಮನ್ ಅವರ ‘ದಿ ಫೈರ್‌ಮೆನ್ಸ್ ಬಾಲ್’ ಮೊದಲ ಸಲ ನೋಡಿದಾಗ ಕಾಲು ಗಂಟೆ ನಗು ನುಂಗಿಕೊಂಡು ಕೂತಿದ್ದೆ. ಸಣ್ಣ ಊರಿನ ಅಗ್ನಿಶಾಮಕ ದಳದವರು ವಾರ್ಷಿಕ ಕೂಟ ಇಟ್ಟಿದ್ದಾರೆ. ಲಾಟರಿಗೆಂದು ಜೋಡಿಸಿದ ಬಹುಮಾನಗಳು ಒಂದೊಂದಾಗಿ ಮಾಯವಾಗುತ್ತವೆ. ಕದ್ದವರು ತಂದಿಡಲಿ ಎಂದು ದೀಪ ಆರಿಸಿದರೆ, ಉಳಿದದ್ದೂ ಹೋಗುತ್ತದೆ. ದೀಪ ಹತ್ತಿದಾಗ ಸಿಕ್ಕಿಬೀಳುವವನು ಒಬ್ಬನೇ, ಹೆಂಡತಿ ಕದ್ದದ್ದನ್ನು ಮರಳಿಸಲು ಹೋದ ಬಡಪಾಯಿ. ಇದು 1967ರ ಚಿತ್ರ. 1968ರ ಆಗಸ್ಟಿನಲ್ಲಿ ಜೆಕೊಸ್ಲೊವಾಕಿಯಾಕ್ಕೆ ಸೋವಿಯತ್ ಟ್ಯಾಂಕುಗಳು ಬಂದ ಮೇಲೆ ಇದಕ್ಕೂ ನಿಷೇಧ ಬಿತ್ತು, ಫೋರ್ಮನ್ ಹೊರದೇಶದಲ್ಲೇ ಉಳಿದರು.

‘ದಿ ವಿಟ್ನೆಸ್’ನಲ್ಲಿ ಹಂಗೇರಿಯ ಮೊಟ್ಟಮೊದಲ ಕಿತ್ತಳೆ ಬೆಳೆಯುವ ಪ್ರಸಂಗವಿದೆ. ಸಮಾರಂಭದ ಹೊತ್ತಿಗೆ ಆ ಒಂದೇ ಹಣ್ಣನ್ನು ಮಗು ತಿಂದುಬಿಟ್ಟಿದೆ. ನಾಯಕರ ಕೈಗೆ ನಿಂಬೆಹಣ್ಣು ಕೊಡುತ್ತಾರೆ: ಹೊಸ ಹಂಗೇರಿಯನ್ ಕಿತ್ತಳೆ, ಸ್ವಲ್ಪ ಹಳದಿ, ಸ್ವಲ್ಪ ಹುಳಿ, ಆದರೆ ನಮ್ಮದು. 1969ರಲ್ಲಿ ತೆಗೆದು ಹತ್ತು ವರ್ಷ ಬೀಗದೊಳಗಿದ್ದ ಈ ಚಿತ್ರದ ಕಿತ್ತಳೆ ನುಡಿಗಟ್ಟಾಗಿ ಉಳಿಯಿತು. 1989ರಲ್ಲಿ ಶುರುವಾದ ಒಂದು ಪತ್ರಿಕೆ ಅದೇ ಹೆಸರಿಟ್ಟುಕೊಂಡಿತು. ಪೋಲೆಂಡಿನ ‘ಮಿಶ್’ನಲ್ಲಿ ಸರ್ಕಾರಿ ಉಪಾಹಾರಗೃಹದ ತಟ್ಟೆಗಳನ್ನು ಮೇಜಿಗೆ ಸ್ಕ್ರೂ ಹಾಕಿ ಬಿಗಿದಿದ್ದಾರೆ, ಚಮಚಗಳಿಗೆ ಸರಪಳಿ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ದಾರ ಕಟ್ಟಿದ ಪೆನ್ನು ಕಂಡವರು ಇದಕ್ಕೆ ಯಾರ ಅಪ್ಪಣೆಯೂ ಇಲ್ಲದೆ ನಗಬಹುದು.

ಸೋವಿಯತ್ ನಾಡಿನ ‘ದಿ ಐರನಿ ಆಫ್ ಫೇಟ್’ ಇನ್ನೂ ಮಜಾ. ಅದಕ್ಕೆ ಯಾವ ನಿಷೇಧವೂ ಆಗಲಿಲ್ಲ. 1976ರ ಜನವರಿ 1ರಂದು ಟಿವಿಯಲ್ಲಿ ಬಂದದ್ದು, ಹೊಸವರ್ಷ ಬಂದಾಗಲೆಲ್ಲ ಮತ್ತೆ ಮತ್ತೆ ಹಾಕುತ್ತಾರೆ. ಕುಡಿದ ಅಮಲಿನಲ್ಲಿ ಮಾಸ್ಕೋದವನು ಲೆನಿನ್‌ಗ್ರಾಡಿನ ವಿಮಾನ ಹತ್ತಿ ಇಳಿದು, ತನ್ನದೇ ಬೀದಿಯ ಹೆಸರು ಹೇಳಿ, ತನ್ನದೇ ಕೀಲಿಯಿಂದ ಯಾರದೋ ಮನೆಯ ಬೀಗ ತೆಗೆಯುತ್ತಾನೆ. ಬೀದಿ, ಕಟ್ಟಡ, ಬೀಗ, ಸೋಫಾ ಎಲ್ಲ ಒಂದೇ ಅಚ್ಚು. ನಿಷೇಧವಾದದ್ದೇ ನಿಜ ಹೇಳುತ್ತದೆ ಎಂಬ ಭ್ರಮೆಗೆ ಇದು ಒಳ್ಳೆಯ ಮದ್ದು.

ನಂಬಿದವರ ಪಕ್ಕದಲ್ಲೂ ಕೂರಿ

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸೋವಿಯತ್ ಪತ್ರಿಕೆಗಳು ಬರುತ್ತಿದ್ದವು. ಓದಿದವರು ಓದಿದರು, ಮಿಕ್ಕವರು ಆ ನುಣುಪು ಹಾಳೆಯಿಂದ ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿಕೊಂಡರು. ಅದರಲ್ಲಿ ನಗುತ್ತಿದ್ದ ಟ್ರ್ಯಾಕ್ಟರ್ ಹೆಂಗಸು ಪೂರ್ತಿ ಸುಳ್ಳೇ? ಆಂದ್ರೇ ಕೊಂಚಲೋವ್ಸ್ಕಿ ಅವರ 2020ರ ‘ಡಿಯರ್ ಕಾಮ್ರೇಡ್ಸ್!’ ಆ ಹೆಂಗಸಿನ ಅಕ್ಕನಂಥವಳ ಕಥೆ. 1962ರ ಜೂನ್, ನೊವೊಚೆರ್ಕಾಸ್ಕ್ ಪಟ್ಟಣ. ಮಾಂಸ, ಬೆಣ್ಣೆಯ ಬೆಲೆ ಏರಿದೆ, ಅದೇ ಹೊತ್ತಿಗೆ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ದುಡಿಮೆಯ ಗುರಿ ಏರಿಸಿ ಕೂಲಿ ಇಳಿಸಿದ್ದಾರೆ. ಬೀದಿಗಿಳಿದ ಕಾರ್ಮಿಕರ ಮೇಲೆ ಗುಂಡು ಹಾರುತ್ತದೆ. ಅಧಿಕೃತ ಲೆಕ್ಕದಲ್ಲೇ ಸತ್ತವರು 26. ನಾಯಕಿ ಪಕ್ಷದ ನಗರ ಸಮಿತಿಯವಳು; ಮುಷ್ಕರ ಮಾಡಿದವರಿಗೆ ಕಠಿಣ ಶಿಕ್ಷೆಯಾಗಲಿ ಎಂದವಳೇ ಆ ಗುಂಪಿನಲ್ಲಿ ಕಳೆದುಹೋದ ಮಗಳನ್ನು ಹುಡುಕುತ್ತಾಳೆ. ಹುಡುಕುತ್ತಲೇ ಸ್ಟಾಲಿನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹಲುಬುತ್ತಾಳೆ. ಚೌಕದ ರಕ್ತದ ಕಲೆ ತೊಳೆದರೂ ಹೋಗದೆ ಮೇಲೆ ಹೊಸ ಡಾಂಬರು ಹಾಕಿಸುತ್ತಾರೆ. ಸೋವಿಯತ್ ರಾಷ್ಟ್ರಗೀತೆಯ ಸಾಲುಗಳನ್ನು ಬರೆದ ಸೆರ್ಗೆಯ್ ಮಿಖಾಲ್ಕೋವ್ ಅವರ ಮಗ ಈ ನಿರ್ದೇಶಕ. ಹೊರಗೆ ನಿಂತು ಕಲ್ಲು ಹೊಡೆಯುವವನ ಚಿತ್ರ ಇದಲ್ಲ, ಅದಕ್ಕೇ ಏಟು ಆಳ.

ಬಿದ್ದ ಮೇಲಿನ ದಿನಗಳಿಗೆ ಬೇರೆ ಕಣ್ಣು

1989ರ ನಂತರದ ಬದುಕನ್ನು ಕುರಿತ ಚಿತ್ರಗಳಲ್ಲಿ ಖಳನನ್ನು ಹುಡುಕಬೇಡಿ, ಸುಸ್ತಾಗುತ್ತೀರಿ. ‘ಗುಡ್ ಬೈ, ಲೆನಿನ್!’ನಲ್ಲೇ ತಾಯಿ ಅಡಗಿಸಿಟ್ಟ ಉಳಿತಾಯ ಮಕ್ಕಳಿಗೆ ಸಿಗುವುದು ನೋಟು ಬದಲಾವಣೆಯ ಗಡುವು ಮುಗಿದ ಮೇಲೆ. 2016ರ ನವೆಂಬರ್ ಕಂಡ ನಮಗೆ ಆ ದೃಶ್ಯಕ್ಕೆ ಟಿಪ್ಪಣಿ ಬೇಡ. 1990ರ ಜುಲೈ 1ರಂದು ಪೂರ್ವದ ಮಾರ್ಕ್ ಹೋಗಿ ಪಶ್ಚಿಮದ್ದು ಬಂತು, ಅಂಗಡಿ ತುಂಬಿತು, ಕಾರ್ಖಾನೆಗಳು ಮುಚ್ಚತೊಡಗಿದವು. ಮಗ ತಾಯಿಗಾಗಿ ಕಟ್ಟುವ ಸುಳ್ಳು ದೇಶ ಕೊನೆಕೊನೆಗೆ ಇದ್ದ ದೇಶಕ್ಕಿಂತ ಚೆಂದವಾಗಿಬಿಡುತ್ತದೆ. ಜರ್ಮನ್ನರು ಈ ಹಂಬಲಕ್ಕೆ ‘ಓಸ್ಟಾಲ್ಗಿ’ ಎಂದು ಹೆಸರಿಟ್ಟಿದ್ದಾರೆ, ಪೂರ್ವದ ನೆನಪಿನ ನೋವು. ಅದನ್ನು ಹಳೆಯ ಸರ್ಕಾರದ ಮೇಲಿನ ಪ್ರೀತಿ ಎಂದು ಓದಿದರೆ ಮೋಸಹೋಗುತ್ತೀರಿ.

ನೋಡುವ ಸರದಿ

ಹೊಸಬರಿಗೆ ನಾನು ಕೊಡುವ ಕ್ರಮ: ಮೊದಲು ‘ಗುಡ್ ಬೈ, ಲೆನಿನ್!’, ಅದು ಎಲ್ಲರಿಗೂ ದಕ್ಕುತ್ತದೆ. ನಂತರ ‘ಫೈರ್‌ಮೆನ್ಸ್ ಬಾಲ್’, ಒಂದೂಕಾಲು ಗಂಟೆಯೂ ಇಲ್ಲ. ಮೂರನೆಯದಾಗಿ ‘ಲೈವ್ಸ್ ಆಫ್ ಅದರ್ಸ್’, ಮರುವಾರವೇ ‘ಗುಂಡರ್ಮನ್’. ‘ಮ್ಯಾನ್ ಆಫ್ ಮಾರ್ಬಲ್’ ಎರಡೂವರೆ ಗಂಟೆ ಮೀರುತ್ತದೆ, ರಜಾದಿನಕ್ಕೆ ಇಟ್ಟುಕೊಳ್ಳಿ. ‘4 ಮಂತ್ಸ್’ ಒಬ್ಬರೇ ರಾತ್ರಿ ನೋಡಬೇಡಿ, ಮಕ್ಕಳ ಜೊತೆ ಖಂಡಿತ ಬೇಡ. ರಿಶಾರ್ಡ್ ಬುಗಾಯ್ಸ್ಕಿ ಅವರ ‘ಇಂಟರಾಗೇಷನ್’ ಇನ್ನೂ ಕಠಿಣ. 1982ರಲ್ಲಿ ನಿಷೇಧವಾಗಿ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಕೈಯಿಂದ ಕೈಗೆ ಕದ್ದು ಹರಿದಾಡಿದ ಚಿತ್ರ ಅದು, ನೀವು ಮನಸ್ಸಿನಲ್ಲಿ ತಯಾರಾದ ಮೇಲೆ ನೋಡಿ. ಡಬ್ ಆದ ಪ್ರತಿ ಬಿಟ್ಟು ಮೂಲ ಧ್ವನಿಯದನ್ನೇ ಹುಡುಕಿ, ಪಾತ್ರಗಳು ಯಾವಾಗ ದನಿ ತಗ್ಗಿಸುತ್ತವೆ ಎಂಬುದು ಅರ್ಧ ಕಥೆ. ಒಂದು ಚಿತ್ರಕ್ಕೆ ಮೂರು ಸಾಲು ಬರೆದಿಡಿ: ಎರಡು ಇಸವಿ, ನೆನಪಿನಲ್ಲಿ ಉಳಿದ ಒಂದು ವಸ್ತು, ಯಾರು ಯಾರಿಗೆ ಹೆದರಿದರು.

ಕೊನೆಗೆ ಕೊರ್ನೇಲಿಯು ಪೊರುಂಬೊಯು ಅವರ 2006ರ ‘12:08 ಈಸ್ಟ್ ಆಫ್ ಬುಕಾರೆಸ್ಟ್’. 1989ರ ಡಿಸೆಂಬರ್ 22ರ ಮಧ್ಯಾಹ್ನ 12 ಗಂಟೆ 8 ನಿಮಿಷಕ್ಕೆ ಚೌಶೆಸ್ಕು ಹೆಲಿಕಾಪ್ಟರ್ ಹತ್ತಿ ಓಡಿದ. ಹದಿನಾರು ವರ್ಷದ ನಂತರ ಒಂದು ಸಣ್ಣ ಊರಿನ ಟಿವಿ ಚರ್ಚೆ: ಅವನು ಓಡುವ ಮೊದಲು ನಮ್ಮೂರಿನ ಚೌಕಕ್ಕೆ ಯಾರಾದರೂ ಬಂದಿದ್ದರೇ, ಇಲ್ಲಾ ಸುದ್ದಿ ಕೇಳಿದ ಮೇಲೆ ಬಂದರೇ? ಮೊದಲೇ ಬಂದಿದ್ದರೆ ಇಲ್ಲೂ ಕ್ರಾಂತಿಯಾಯಿತು, ಆಮೇಲೆ ಬಂದಿದ್ದರೆ ಬರೀ ಸಂಭ್ರಮ. ಕುಡುಕ ಮೇಷ್ಟ್ರು ತಾನು ಅಲ್ಲಿದ್ದೆ ಎನ್ನುತ್ತಾನೆ, ಫೋನ್ ಮಾಡಿದವರೆಲ್ಲ ನೀನು ಹೆಂಡದಂಗಡಿಯಲ್ಲಿದ್ದೆ ಎನ್ನುತ್ತಾರೆ. ಕಟ್ಟಕಡೆಗೆ ಹೆಂಗಸೊಬ್ಬಳ ಕರೆ. ಆ ದಿನಗಳಲ್ಲೇ ಮಗನನ್ನು ಕಳೆದುಕೊಂಡವಳು. ಅವಳು ವಾದಕ್ಕೆ ಬಂದಿಲ್ಲ. ಹೊರಗೆ ದಪ್ಪ ದಪ್ಪ ಹಿಮ ಬೀಳುತ್ತಿದೆ, ಈಗಲೇ ನೋಡಿಕೊಳ್ಳಿ, ನಾಳೆಗೆ ಕೆಸರಾಗುತ್ತದೆ ಎಂದು ಹೇಳಲು ಫೋನ್ ಮಾಡಿದ್ದಾಳೆ. ಅಲ್ಲಿಗೆ ಮುಗಿಯಿತೆಂದು ಎದ್ದು ಹೋಗಬೇಡಿ, ಬೀದಿದೀಪಗಳು ಒಂದೊಂದಾಗಿ ಹತ್ತುವುದು ಇನ್ನೂ ಬಾಕಿ ಇದೆ.